ಓದಿದ ಕಾಲೇಜಿಗೆ ಐವತ್ತು ಸಾವಿರ ಕೊಡಲೇಬೇಕಾ?

ಅಕ್ಕಾ,

ನನಗೆ 35 ವರ್ಷ. ಕೊಡಗಿನ ಸೋಮವಾರಪೇಟೆ ಕಡೆಯವಳು, ಮದುವೆಯಾಗಿ ಮೈಸೂರು ಸೇರಿದ್ದೇನೆ. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕೈಗೆ ಬರುವುದು 42 ಸಾವಿರ. ಬಿ.ಕಾಂ. ಮಾಡಿದ್ದು ಊರ ಹತ್ತಿರದ ಒಂದು ಅನುದಾನಿತ ಕಾಲೇಜಿನಲ್ಲಿ, 2009ರಿಂದ 2012ರವರೆಗೆ. ಹಿಂದೆ ಒಬ್ಬ ಪ್ಲಾಂಟರ್ ದಾನ ಕೊಟ್ಟ ಜಾಗದಲ್ಲಿ ಕಟ್ಟಿದ ಕಾಲೇಜು ಅದು. ಈಗ ಅಲ್ಲಿ ಹೊಸ ಸಭಾಂಗಣ ಏಳುತ್ತಿದೆ. ಹಳೆ ವಿದ್ಯಾರ್ಥಿಗಳು ತಲಾ 50 ಸಾವಿರ ಕೊಡಬೇಕಂತೆ. ಕೊಟ್ಟವರ ಹೆಸರನ್ನು ಬಾಗಿಲ ಪಕ್ಕದ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ದಿನಾ ಸಂಜೆ ಪಟ್ಟಿ ಬರುತ್ತೆ. ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್. ನನ್ನ ಹೆಸರಿನ ಮುಂದೆ ಖಾಲಿ.

ನಾನು ಎರಡನೇ ವರ್ಷದಲ್ಲಿದ್ದಾಗ ಅಪ್ಪನ ಅರೇಬಿಕಾ ಕಾಫಿ ಗಿಡಗಳಿಗೆ ಕಾಂಡಕೊರಕ ಹುಳು ಬಿದ್ದಿತ್ತು. ಇದ್ದದ್ದೇ ಎರಡು ಎಕರೆ. "ಕಾಫಿ ಮಾರಿದ ಮೇಲೆ ಕಟ್ತೇನೆ" ಅಂತ ಅಪ್ಪ ಆಫೀಸಿಗೆ ಬಂದು ಹೇಳಿ ಹೋಗಿದ್ದರು. ಆದರೂ ಪರೀಕ್ಷೆಯ ಹಿಂದಿನ ದಿನ ನನಗೆ ಹಾಲ್ ಟಿಕೆಟ್ ಕೊಡಲಿಲ್ಲ. ಕೌಂಟರಿನವರು ಎಲ್ಲರೆದುರಿಗೆ, "ದುಡ್ಡಿಲ್ಲದವರು ಯಾಕೆ ಕಾಲೇಜಿಗೆ ಬರ್ತೀರಾ" ಅಂದರು. ಎರಡು ಗಂಟೆ ಆಫೀಸಿನ ಹೊರಗೆ ನಿಂತಿದ್ದೆ. ಅಳು ಬಂದರೆ ಎಲ್ಲರಿಗೂ ಕಾಣುತ್ತೆ ಅಂತ ನೋಟಿಸ್ ಬೋರ್ಡ್ ಓದುತ್ತಾ ನಿಂತಿದ್ದೆ. ಕೊನೆಗೆ ನಮ್ಮ ಕನ್ನಡ ಸರ್ ಬಂದು, ಏನೂ ಕೇಳದೆ 1,350 ರೂಪಾಯಿ ಕಟ್ಟಿದರು. ಮಾರ್ಚಿನಲ್ಲಿ ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲ. "ಇಟ್ಟುಕೋ, ಯಾರಿಗಾದರೂ ಬೇಕಾಗುತ್ತೆ" ಅಂದರು.

ನಮ್ಮ ಯಜಮಾನರು, "ಫೀಸು ಕಟ್ಟಿ ಓದಿದ್ದೀಯ, ಇನ್ಯಾವ ಸಾಲ?" ಅನ್ನುತ್ತಾರೆ. ಊರಲ್ಲಿ ಅಮ್ಮನ ಮನೆಯ ಮಾಡು, ಅಂದರೆ ಛಾವಣಿ, ಹೋದ ಮಳೆಗಾಲದಿಂದ ಸೋರುತ್ತಿದೆ. ಆದರೂ ಅಮ್ಮ, "ವಿದ್ಯೆ ಕೊಟ್ಟ ಮನೆಗೆ ಇಲ್ಲ ಅನ್ನಬಾರದು" ಅನ್ನುತ್ತಾರೆ. ಕೊಡಲಾ, ಬೇಡವಾ? ಕೊಡದಿದ್ದರೆ ನಾನು ಉಪಕಾರ ಮರೆತವಳಾಗುತ್ತೇನಾ?

– ಹೆಸರು ಬೇಡ, ಮೈಸೂರು

ತಂಗೀ,

50 ಸಾವಿರ ಕೊಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ.

ನಿಮ್ಮ ಸಂಬಳಕ್ಕಿಂತ ಜಾಸ್ತಿ ಮೊತ್ತ ಅದು. ಅಮ್ಮನ ಮಾಡು ಸೋರುತ್ತಿದೆ. ನಮ್ಮ ಕಡೆ ಜೂನ್ ಹಿಡಿದರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? 2018ರ ಆಗಸ್ಟಿನ ಪ್ರವಾಹ, ಗುಡ್ಡ ಕುಸಿತ ನೋಡಿದವರಿಗೆ ಈಗ ರಾತ್ರಿ ಜೋರು ಮಳೆ ಸುರಿದರೆ ನಿದ್ದೆ ಹತ್ತುವುದಿಲ್ಲ. ಸೋರುವ ಮನೆಯಲ್ಲಿ ಕೂತು "ಕಾಲೇಜಿಗೆ ಕೊಡು" ಅನ್ನುವ ತಾಯಿಯ ಮಾತು ದೊಡ್ಡದು. ಹಾಗಂತ ಆ ಮಾತನ್ನು ಹಾಗೇ ನಂಬಿಕೊಂಡು ಕೂರಬೇಡಿ. ತಮಗೆ ಬೇಕು ಅಂತ ಬಾಯಿಬಿಟ್ಟು ಕೇಳದ ಜನ ಅವರು. ಮೊದಲು ಮಾಡು ಸರಿಮಾಡಿಸಿ.

ಇನ್ನು ನಿಮ್ಮ ಯಜಮಾನರ ಮಾತು. ಅರ್ಧ ಸರಿ, ಅರ್ಧ ಅಲ್ಲ. ಅನುದಾನಿತ ಕಾಲೇಜಿನಲ್ಲಿ ಅನುದಾನಕ್ಕೆ ಒಳಪಟ್ಟ ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ಜಾಗ ಆ ಪ್ಲಾಂಟರ್ ಕೊಟ್ಟದ್ದು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ನಿಮ್ಮಪ್ಪ ಕಟ್ಟಿದ ಫೀಸು ನಿಮ್ಮ ಓದಿನ ಖರ್ಚಿನಲ್ಲಿ ಒಂದು ಸಣ್ಣ ಪಾಲು ಅಷ್ಟೇ. ಅಕೌಂಟ್ಸಿನವರು ನೀವು, ಲೆಕ್ಕ ಹಾಕಿ ನೋಡಿ. ಬೆಂಕಿಪೊಟ್ಟಣ ಕೊಳ್ಳುವವರೂ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಾರೆ. ನಿಮ್ಮ ಕ್ಲಾಸಿನ ಮೇಷ್ಟ್ರ ಸಂಬಳದಲ್ಲಿ, ಕಾಲೇಜಿನ ಮೆಟ್ಟಿಲು ಹತ್ತದ ತೋಟದ ಲೈನ್ ಮನೆಯ ಕೂಲಿಯವರ ದುಡ್ಡೂ ಇತ್ತು. ಋಣ ಇದೆ. ಆದರೆ ಅದು ಸಭಾಂಗಣದ ಋಣ ಅಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಯಾವುದು ನಿಮ್ಮ ಕೈ ಹಿಡಿದು ನಿಲ್ಲಿಸಿದೆ ಅಂತ ನನಗೆ ಅನಿಸಿದ್ದನ್ನು ಹೇಳಲಾ? 50 ಸಾವಿರ ಅಲ್ಲ. 5 ಸಾವಿರ ಕೇಳಿದ್ದರೂ ನೀವು ಹೀಗೇ ತಡೆಯುತ್ತಿದ್ದಿರಿ. ಆಫೀಸಿನ ಹೊರಗೆ ನಿಂತ ಆ ಎರಡು ಗಂಟೆ ನಿಮ್ಮೊಳಗೆ ಇನ್ನೂ ಮುಗಿದಿಲ್ಲ. ಯಾವ ನೋಟಿಸ್ ಬೋರ್ಡಿನ ಮುಂದೆ ಅಳು ನುಂಗಿದಿರೋ, ಅದೇ ಕಾಂಪೌಂಡಿನ ಒಂದು ಕಲ್ಲಿನಲ್ಲಿ ನಿಮ್ಮ ಹೆಸರು ಕೆತ್ತಿಸಲು ಈಗ ನಿಮ್ಮನ್ನೇ ದುಡ್ಡು ಕೇಳುತ್ತಿದ್ದಾರೆ. ಅದಕ್ಕೆ ಮನಸ್ಸು ಬರದಿದ್ದರೆ ನೀವು ಉಪಕಾರ ಮರೆತವಳಲ್ಲ. ಮರೆಯದಿರುವುದೇ ನಿಮ್ಮ ಕಷ್ಟ.

ಕಷ್ಟ ಇಮ್ಮಡಿಯಾಗಿರುವುದು ಯಾಕೆಂದರೆ, ಬೈದ ಕೌಂಟರೂ ದುಡ್ಡು ಕಟ್ಟಿದ ಸರ್ರೂ ಒಂದೇ ಕಾಲೇಜಿನವರು. ಕಾಲೇಜಿಗೆ ಕೊಟ್ಟರೆ ಕೌಂಟರಿನವರಿಗೆ ಕೊಟ್ಟ ಹಾಗೆ ಆಗುತ್ತೆ, ಕೊಡದಿದ್ದರೆ ಸರ್ ಹತ್ತಿರ ಇಲ್ಲ ಅಂದ ಹಾಗೆ. ಈ ಎರಡನ್ನೂ ಬಿಡಿಸಿ ಇಡಿ. ಸರ್ ನಿಮಗೆ ದಾರಿ ಹೇಳಿ ಹದಿನೈದು ವರ್ಷದ ಹತ್ತಿರ ಬಂತು ಅಲ್ವಾ? "ಯಾರಿಗಾದರೂ ಬೇಕಾಗುತ್ತೆ" ಅಂದರಲ್ಲ. ಆ ಯಾರಾದರೂ ಇವತ್ತೂ ಆ ಕೌಂಟರಿನ ಮುಂದೆ ನಿಂತಿರುತ್ತಾಳೆ.

ಕೊಡಗಿನಲ್ಲಿ ಮನೆಗೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಕಾಫಿ ಕುಯ್ದು ಒಣಗಿಸಿ ಮಾರಿದ ಮೇಲೆ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆ. ಮಳೆಗಾಲದಲ್ಲಿ ಕೂಲಿಯವರಿಗೆ ದಿನಾ ಕೆಲಸ ಸಿಗುವುದಿಲ್ಲ. ಆದರೆ ಅಡ್ಮಿಷನ್ ಆಗುವುದು, ಬಸ್ ಪಾಸು, ಪುಸ್ತಕ, ಕೊಡೆ ಎಲ್ಲ ಬೇಕಾಗುವುದು ಆ ಮಳೆಯಲ್ಲೇ. ಸರ್ಕಾರದ ವಿದ್ಯಾರ್ಥಿವೇತನ ಇದೆಯಲ್ಲ ಅನ್ನುತ್ತಾರೆ. ಇದೆ. ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಜಾತಿ ಆದಾಯ ಪತ್ರ ಸರಿ ಇರಬೇಕು. ಎಲ್ಲ ಸರಿ ಇದ್ದರೂ ಫೀಸಿನ ಕೊನೆಯ ದಿನಕ್ಕೆ ಸರಿಯಾಗಿ ಆ ದುಡ್ಡು ಬಂದು ಬೀಳುವುದಿಲ್ಲ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಆಯಿತು, ಒಳ್ಳೆಯದೇ. ನಮ್ಮ ಒಳ ಊರುಗಳ ಎಷ್ಟೋ ದಾರಿಗೆ ಮಾತ್ರ ಖಾಸಗಿ ಬಸ್ಸೇ ಗತಿ, ಅಲ್ಲಿ ದಿನಾ ಟಿಕೆಟ್ ತೆಗೆಯಲೇಬೇಕು.

ಹೀಗೆ ನಡುವೆ ಬೀಳುವ ಎರಡು ಮೂರು ತಿಂಗಳ ಹೊಂಡದಲ್ಲಿ ಮಕ್ಕಳು ಓದು ಬಿಡುತ್ತಾರೆ. ಬಿಡುವುದು ಲಕ್ಷಕ್ಕಾಗಿ ಅಲ್ಲ, ಒಂದೆರಡು ಸಾವಿರಕ್ಕಾಗಿ. ಆ ಹೊಂಡಕ್ಕೆ ನೀವೊಂದು ಹಲಗೆ ಹಾಕಬಹುದು.

ತಿಂಗಳಿಗೆ 500 ರೂಪಾಯಿ ಬೇರೆ ಇಡಿ. ವರ್ಷಕ್ಕೆ 6 ಸಾವಿರ. ಒಂದು ಪರೀಕ್ಷಾ ಶುಲ್ಕಕ್ಕೆ ಎರಡು ಸಾವಿರ ಅಂತಲೇ ಇಟ್ಟುಕೊಳ್ಳಿ, ಮೂವರ ಹಾಲ್ ಟಿಕೆಟ್ ಆಯಿತು. ನಿಮ್ಮ ಬ್ಯಾಚಿನಲ್ಲಿ ಇನ್ನೂ ನಾಲ್ಕು ಜನ ಸೇರಿದರೆ ಹದಿನೈದು. ದಾನ ಅಂತ ಕೊಡುವುದಕ್ಕಿಂತ ಕೈಸಾಲ ಅಂತ ಕೊಡಿ. ವಿದ್ಯಾರ್ಥಿವೇತನ ಬಂದಾಗ, ಇಲ್ಲಾ ಮನೆಯವರು ಕಾಫಿ ಮಾರಿದಾಗ ವಾಪಸ್ ಹಾಕಲಿ. ಆಗದವರು ಬಿಡಲಿ, ಹಿಂದೆ ಬಿದ್ದು ಕೇಳಬೇಡಿ. ತಗೊಂಡ ಹುಡುಗಿಗೂ ತಲೆ ಎತ್ತಿ ನಡೆಯಲು ಆಗುತ್ತೆ, ದುಡ್ಡೂ ಸುತ್ತುತ್ತಾ ಇರುತ್ತೆ. ಒಂದೇ ಒಂದು ಷರತ್ತು ಹಾಕಿ: ಯಾರಿಗೆ ಕೊಟ್ಟದ್ದು ಅಂತ ಯಾರಿಗೂ ಗೊತ್ತಾಗಬಾರದು. ವೇದಿಕೆಗೆ ಕರೆದು, ದೊಡ್ಡ ಗಾತ್ರದ ಚೆಕ್ ಹಿಡಿಸಿ ಫೋಟೋ ತೆಗೆಯುವ ಶೋಕಿ ಬೇಡವೇ ಬೇಡ. ಅದು ಆಫೀಸಿನ ಹೊರಗೆ ನಿಲ್ಲಿಸುವುದರ ಇನ್ನೊಂದು ರೂಪ.

ಯಾರ ಮೂಲಕ ಕೊಡುವುದು? ಕಾಲೇಜಿನಲ್ಲಿ ಈಗಲೂ ನಂಬಿಕೆಗೆ ಅರ್ಹರಾದ ಒಬ್ಬ ಮೇಷ್ಟ್ರೋ ಮಿಸ್ಸೋ ಇದ್ದೇ ಇರುತ್ತಾರೆ. ಯಾರ ಹಾಲ್ ಟಿಕೆಟ್ ನಿಂತಿದೆ ಅಂತ ಅವರಿಗೆ ಗೊತ್ತಿರುತ್ತೆ. ಹುಡುಗಿಯ ಚಲನ್ ಅವರು ಕಳಿಸಲಿ, ನೀವೇ ಕಟ್ಟಿ. ನಡುವೆ ಯಾರ ಜೇಬಿಗೂ ದುಡ್ಡು ಹೋಗುವುದು ಬೇಡ.

ಹಳೆ ವಿದ್ಯಾರ್ಥಿ ಸಂಘಕ್ಕೇ ಏನಾದರೂ ಕೊಡಬೇಕು ಅಂತ ಮುಂದೆ ಯಾವತ್ತಾದರೂ ಅನಿಸಿದರೆ, ಮೊದಲು ಎರಡು ಮಾತು ಕೇಳಿ. ಸಂಘ ನೋಂದಣಿಯಾಗಿದೆಯಾ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಅದು ವರ್ಷಾ ವರ್ಷ ಲೆಕ್ಕಪತ್ರ ಕೊಡಲೇಬೇಕು. ಹೋದ ವರ್ಷದ ಲೆಕ್ಕ ತೋರಿಸಿ ಅನ್ನಿ. ರಸೀದಿ ಯಾರ ಹೆಸರಿನಲ್ಲಿ, ಸಂಘದ್ದಾ, ಆಡಳಿತ ಮಂಡಳಿಯದ್ದಾ? ಎರಡೂ ಬೇರೆ ಬೇರೆ. ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಪುಸಲಾಯಿಸಿದರೆ, ನೆನಪಿಡಿ, ದಾನಕ್ಕೆ ಸಿಗುವ ಆ ವಿನಾಯಿತಿ (80ಜಿ) ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವುದಿಲ್ಲ. ಹಳೆಯದರಲ್ಲೂ 2 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ. ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ.

ಇನ್ನೊಂದು ವಿಷಯ. ಇದ್ದಕ್ಕಿದ್ದ ಹಾಗೆ ಕಾಲೇಜಿಗೆ ಹಳೆ ಮಕ್ಕಳ ಮೇಲೆ ಪ್ರೀತಿ ಉಕ್ಕಿದರೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಯಾವಾಗ ಬರುತ್ತಿದೆ ಅಂತ ವಿಚಾರಿಸಿ. ಹಳೆ ವಿದ್ಯಾರ್ಥಿಗಳ ಸಂಘ ಇದೆಯಾ, ಎಷ್ಟು ದುಡ್ಡು ಕೊಟ್ಟಿದೆ ಅನ್ನುವುದನ್ನೂ ಆ ಮೌಲ್ಯಮಾಪನದಲ್ಲಿ ನೋಡುತ್ತಾರೆ. ತಪ್ಪೇನಿಲ್ಲ, ಗೊತ್ತಿದ್ದರೆ ಒಳ್ಳೆಯದು ಅಂತ ಹೇಳಿದೆ.

ಹೆಸರಿನ ಕಲ್ಲಿನ ಬಗ್ಗೆ ನನ್ನದೇ ಒಂದು ಕತೆ ಇದೆ, ನಗಬೇಡಿ. ನಾನು ಓದಿದ ಶಾಲೆಗೆ ಒಮ್ಮೆ ಆಸೆಪಟ್ಟು ದುಡ್ಡು ಕೊಟ್ಟೆ. ಉದ್ಘಾಟನೆಯ ದಿನ ಹೋಗಿ ನೋಡಿದರೆ ಕಲ್ಲಿನಲ್ಲಿ ನನ್ನ ಹೆಸರಿನ ಒಂದು ಒತ್ತಕ್ಷರವೇ ಹಾರಿಹೋಗಿತ್ತು. ಊಟ ರುಚಿಸಲಿಲ್ಲ. ಮನೆಗೆ ಬಂದ ಮೇಲೂ ಒಂದು ವಾರ ಗೊಣಗಿದೆ. ಆಮೇಲೆ ನನಗೇ ನಾಚಿಕೆಯಾಯಿತು. ನಾನು ಕೊಟ್ಟದ್ದು ಶಾಲೆಗೆ ಅಲ್ಲ, ಆ ಕಲ್ಲಿಗೆ ಅಂತ ಆ ಒತ್ತಕ್ಷರ ತೋರಿಸಿಕೊಟ್ಟಿತು. ಈಗಲೂ ಆ ಕಡೆ ಹೋದರೆ ಕಣ್ಣು ಅಲ್ಲಿಗೇ ಹೋಗುತ್ತೆ, ಏನು ಮಾಡೋದು.

ಸಭಾಂಗಣಕ್ಕೆ ಕೊಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ಇದ್ದವರು ಕೊಡಲಿ. 2023ರಲ್ಲಿ ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. ಅಷ್ಟು ದುಡ್ಡು ದೊಡ್ಡ ಕಾಲೇಜುಗಳಿಗೆ ಹೋಗುತ್ತೆ, ಸೋಮವಾರಪೇಟೆ ಕಡೆ ಬರುವುದಿಲ್ಲ. ನಮ್ಮ ಸಣ್ಣ ಕಾಲೇಜುಗಳಿಗೆ ಇರುವುದು ನಿಮ್ಮಂಥವರೇ. ಅದಕ್ಕೇ ನಿಮ್ಮ ದುಡ್ಡು ಎಲ್ಲಿ ಬೀಳಬೇಕು ಅಂತ ನೀವೇ ಆರಿಸಿ ಅನ್ನುತ್ತಿದ್ದೇನೆ.

ವಾಟ್ಸಾಪ್ ಗುಂಪಿಗೆ ಬರೋಣ. ಸುಮ್ನೆ ಇದ್ದರೆ ಟಿಕ್ ಇಲ್ಲದ ಜಾಗ ದಿನಾ ಚುಚ್ಚುತ್ತೆ. ಹೀಗೆ ಬರೆದುಬಿಡಿ: "ಸಭಾಂಗಣಕ್ಕೆ ಕೊಡಲು ನನಗೆ ಈ ವರ್ಷ ಆಗುವುದಿಲ್ಲ. ಪರೀಕ್ಷಾ ಶುಲ್ಕ ಕಟ್ಟಲಾಗದ ಮಕ್ಕಳಿಗೆ ತಿಂಗಳಿಗೆ 500 ಇಡುತ್ತಿದ್ದೇನೆ. ಜೊತೆ ಸೇರುವವರು ನನಗೆ ಫೋನ್ ಮಾಡಿ. ದಿನಾ ಪಟ್ಟಿ ಹಾಕುವುದು ಬೇಡ, ಕೊಡಲು ಆಗದವರಿಗೆ ಕಸಿವಿಸಿಯಾಗುತ್ತೆ." ಇಷ್ಟೇ. ಮಾಡಿನ ವಿಷಯ, ಸಂಬಳದ ವಿಷಯ ಎಳೆಯಬೇಡಿ. ಕ್ಷಮಿಸಿ ಅಂತಲೂ ಬರೆಯಬೇಡಿ. ಒಂದಿಬ್ಬರು ಮುಖ ಸಿಂಡರಿಸಿಯಾರು. ಆದರೆ ನಿಮ್ಮ ಹೆಸರಿನ ಹಾಗೆ ಖಾಲಿ ಉಳಿದ ಹೆಸರುಗಳು ಆ ಪಟ್ಟಿಯಲ್ಲಿ ಇನ್ನೂ ಇವೆ ಅಲ್ವಾ? ಅವರ ಫೋನ್ ಮೊದಲು ಬರುತ್ತೆ ನೋಡಿ.

ಕೌಂಟರಿನಲ್ಲಿ ಆದದ್ದನ್ನು ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯಿರಿ ಅಂತಲೂ ಅನ್ನಿಸುತ್ತೆ. ದೂರು ಅಲ್ಲ. ಫೀಸು ಬಾಕಿ ಇರುವ ಮಕ್ಕಳನ್ನು ಒಳಗೆ ಕರೆದು ಮಾತಾಡಿಸಿ, ಎಲ್ಲರೆದುರು ಬೇಡ ಅಂತ. ಅವತ್ತಿನ ಪ್ರಿನ್ಸಿಪಾಲರು ಈಗ ಇರಲಿಕ್ಕಿಲ್ಲ, ಇರುವವರಾದರೂ ಓದಲಿ. ಬರೆಯುವ ಮನಸ್ಸಿಲ್ಲದಿದ್ದರೆ ಬಿಡಿ, ಒತ್ತಾಯ ಇಲ್ಲ.

ಒತ್ತಾಯ ಇರುವುದು ಒಂದಕ್ಕೇ. ನಿಮ್ಮ ಕನ್ನಡ ಸರ್ ಎಲ್ಲಿದ್ದಾರೆ ಅಂತ ಪತ್ರದಲ್ಲಿ ಬರೆದಿಲ್ಲ. ವಿಚಾರಿಸಿ. ಮಾಡು ಸರಿಮಾಡಿಸಲು ಊರಿಗೆ ಹೋಗುತ್ತೀರಲ್ಲ, ಆಗಲೇ ಒಂದು ಸಂಜೆ ಅವರ ಮನೆಗೂ ಹೋಗಿ ಬನ್ನಿ, ಮಗುವೇನಾದರೂ ಇದ್ದರೆ ಕರೆದುಕೊಂಡು. ಅವರಿಗೆ 1,350 ರೂಪಾಯಿ ನೆನಪಿರಲಿಕ್ಕಿಲ್ಲ, ನೀವೇ ಹೇಳಬೇಕಾದೀತು. ಮೇ ಮುಗಿಯುವುದರೊಳಗೆ ಹೋಗಿ. ಮಳೆ ಹಿಡಿದ ಮೇಲೆ ಮಾಡು ಹತ್ತುವವರೂ ಸಿಗುವುದಿಲ್ಲ.