ಸರ್ವಿಸ್ ಮತ್ತೆ ಇನ್‌ಸ್ಟಾಲ್ ಮಾಡುವಾಗ 1072 ಎರರ್: ರಿಜಿಸ್ಟ್ರಿ ಸ್ವಚ್ಛ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಯಾವುದೂ ಬೇಡ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ಜಾಗವೇ ರಿಜಿಸ್ಟ್ರಿ; ಮೊದಲು ಅದರಿಂದ ಕೈ ತೆಗೆಯಿರಿ. ಇದೇ 1072ರ ಮುಂದೆ ನಾನು ಒಂದು ಇಡೀ ರಾತ್ರಿ ಕುಳಿತಿದ್ದೇನೆ.

ವಿಂಡೋಸ್ ಸರ್ವರ್ ಒಂದರಲ್ಲಿ ನಾನೇ ಬರೆದ ಚಿಕ್ಕ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂ, ಓಡುತ್ತಿತ್ತು. ಫೋಲ್ಡರಿಗೆ ಬಂದು ಬೀಳುವ ಫೈಲುಗಳನ್ನು ಓದಿ ಡೇಟಾಬೇಸಿಗೆ ತುಂಬುವುದು ಅದರ ಕೆಲಸ. ಹೊಸ ಆವೃತ್ತಿ ಹಾಕಬೇಕಿತ್ತು. ಹಳೆಯದನ್ನು ನಿಲ್ಲಿಸಿ, ಸರ್ವಿಸುಗಳನ್ನು ನಿಭಾಯಿಸುವ ಆಜ್ಞೆಯಾದ ‘ಎಸ್‌ಸಿ ಡಿಲೀಟ್’ ಕೊಟ್ಟೆ, ಯಶಸ್ವಿ ಎಂದಿತು. ‘ಎಸ್‌ಸಿ ಕ್ರಿಯೇಟ್’ ಕೊಟ್ಟರೆ 1072: ಈ ಸರ್ವಿಸನ್ನು ಅಳಿಸಲು ಗುರುತು ಹಾಕಲಾಗಿದೆ. ಅಳಿಸಿದ್ದೇನಲ್ಲ, ಇನ್ನೆಂಥ ಗುರುತು?

ಸಿಟ್ಟಿಗೆ ರಿಜಿಸ್ಟ್ರಿ ತೆರೆದು ಆ ಸರ್ವಿಸಿನ ಕೀಯನ್ನೇ (ಅದರ ದಾಖಲೆಯನ್ನೇ) ಕಿತ್ತು ಹಾಕಿದೆ. ಮತ್ತೆ 1072. ಸರ್ವಿಸುಗಳ ಪಟ್ಟಿಯನ್ನು ವಿಂಡೋಸ್ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಕೀ ಹೋದ ಸಂಗತಿ ಅದಕ್ಕೆ ಮುಂದಿನ ರೀಸ್ಟಾರ್ಟ್‌ವರೆಗೆ ತಿಳಿಯುವುದೇ ಇಲ್ಲ. ರೀಸ್ಟಾರ್ಟ್ ಮಾಡೋಣವೆಂದರೆ ಅದೇ ಸರ್ವರಿನಲ್ಲಿ ಬೆಳಗಿನವರೆಗೆ ಮುಗಿಯದ ಬೇರೆ ಕೆಲಸ ನಡೆದಿತ್ತು.

ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಿರುತ್ತೀರಿ. ಡಿಲೀಟ್ ಆಜ್ಞೆ ಸರ್ವಿಸನ್ನು ಅಳಿಸುವುದಿಲ್ಲ, ಅಳಿಸಬೇಕೆಂದು ಗುರುತು ಮಾತ್ರ ಹಾಕುತ್ತದೆ. ಸರ್ವಿಸ್ ಪೂರ್ತಿ ನಿಂತು, ಅದನ್ನು ಹಿಡಿದುಕೊಂಡಿರುವ ಪ್ರೋಗ್ರಾಂಗಳೆಲ್ಲ ಕೈ ಬಿಟ್ಟ ಮೇಲೆಯೇ ಅದು ನಿಜವಾಗಿ ಹೋಗುವುದು. ಹಿಡಿದುಕೊಂಡಿರುವವರು ಯಾರು? ಹೆಚ್ಚಿನ ಸಲ, ಸರ್ವಿಸ್ ನಿಂತಿತೇ ಎಂದು ನೋಡಲು ನೀವೇ ತೆರೆದಿಟ್ಟ ಸರ್ವಿಸಸ್ ವಿಂಡೋ! ಹೋಯಿತೇ ಎಂದು ನೋಡುತ್ತಾ ಕೂತಿರುವುದೇ ಅದು ಹೋಗದಂತೆ ತಡೆಯುತ್ತದೆ. ಇಷ್ಟು ನನಗೆ ಆ ರಾತ್ರಿಯೇ ಗೊತ್ತಾಗಿ ನನ್ನ ವಿಂಡೋ ಮುಚ್ಚಿದ್ದೆ. ಆದರೂ 1072. ಹಿಂದಿನ ಮಧ್ಯಾಹ್ನ ಅದೇ ಸರ್ವರಿಗೆ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋಗಿ, ಸರ್ವಿಸಸ್ ವಿಂಡೋ ತೆರೆದು, ಸೈನ್ ಔಟ್ ಆಗದೆ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಎದ್ದು ಹೋಗಿದ್ದೆ. ಹಾಗೆ ಮಾಡಿದರೆ ಸಂಪರ್ಕ ಮಾತ್ರ ಕಡಿಯುತ್ತದೆ, ಸೆಷನ್ (ನಿಮ್ಮ ಲಾಗಿನ್, ಅದರಲ್ಲಿ ತೆರೆದ ವಿಂಡೋಗಳ ಸಮೇತ) ಒಳಗೆ ಜೀವಂತವಾಗಿಯೇ ಇರುತ್ತದೆ. ನನ್ನ ಕಣ್ಣಿಗೆ ಕಾಣದ ಆ ವಿಂಡೋ ರಾತ್ರಿಯಿಡೀ ನನ್ನ ಸರ್ವಿಸನ್ನು ಹಿಡಿದುಕೊಂಡು ಕೂತಿತ್ತು. ಬೆಳಿಗ್ಗೆ ಟಾಸ್ಕ್ ಮ್ಯಾನೇಜರಿನ ಯೂಸರ್ಸ್ ಪುಟದಲ್ಲಿ ಎರಡನೆಯ ಹೆಸರು ಕಂಡಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಸೆಷನ್ನನ್ನು ಸೈನ್ ಔಟ್ ಮಾಡಿದೆ, ಅಷ್ಟೇ. ಮರುಕ್ಷಣ ಕ್ರಿಯೇಟ್ ಕೆಲಸ ಮಾಡಿತು.

ಹಾಗಾಗಿ ಸರ್ವಿಸಸ್ ವಿಂಡೋ, ಟಾಸ್ಕ್ ಮ್ಯಾನೇಜರ್ ಎರಡನ್ನೂ ಎಲ್ಲ ಸೆಷನ್ನುಗಳಲ್ಲಿ ಮುಚ್ಚಿರಿ. ಆಮೇಲೆ ‘ಎಸ್‌ಸಿ ಕ್ವೆರಿಎಕ್ಸ್’ ಕೊಟ್ಟು ಸರ್ವಿಸಿನ ಸ್ಥಿತಿ ನೋಡಿ. ಸರ್ವಿಸ್ ನಿಲ್ಲುವ ಹಂತದಲ್ಲೇ ಸಿಕ್ಕಿಬಿದ್ದಿದ್ದರೆ ಅಲ್ಲಿ ಕಾಣುವ ಪ್ರೋಸೆಸ್ ಸಂಖ್ಯೆ ಹಿಡಿದು, ಪ್ರೋಗ್ರಾಂ ಬಲವಂತವಾಗಿ ಮುಚ್ಚುವ ‘ಟಾಸ್ಕ್‌ಕಿಲ್’ ಮಾಡಿ. ಅದು ಹಲವು ಸರ್ವಿಸುಗಳು ಹಂಚಿಕೊಂಡಿರುವ ಎಸ್‌ವಿಸಿ‌ಹೋಸ್ಟ್ ಆಗಿದ್ದರೆ ಮಾತ್ರ ಮುಟ್ಟಬೇಡಿ. ಯಾವುದೂ ಆಗದಿದ್ದರೆ ರೀಸ್ಟಾರ್ಟ್, ಅದರಲ್ಲಿ ನಾಚಿಕೆಯೇನಿಲ್ಲ. ಅಂದ ಹಾಗೆ, ಆಜ್ಞೆಗಳನ್ನು ಬರೆಯುವ ವಿಂಡೋಸಿನ ಹಳೆಯ ಪವರ್‌ಶೆಲ್‌ನಲ್ಲಿ ‘ಎಸ್‌ಸಿ’ ಎಂದರೆ ಫೈಲಿಗೆ ಬರೆಯುವ ಬೇರೆಯೇ ಆಜ್ಞೆ. ಅಲ್ಲಿ ‘ಎಸ್‌ಸಿ ಡಿಲೀಟ್’ ಎಂದರೆ ‘ಡಿಲೀಟ್’ ಎಂಬ ಹೆಸರಿನ ಫೈಲೊಂದು ಸದ್ದಿಲ್ಲದೆ ಹುಟ್ಟುತ್ತದೆ! ‘ಡಾಟ್ ಇಎಕ್ಸ್‌ಇ’ ಸೇರಿಸಿಯೇ ಬರೆಯಿರಿ.

ಇನ್‌ಸ್ಟಾಲ್ ಆದ ಮೇಲೆ 1053 ಬಂದರೆ ಅದು ಬೇರೆ ರೋಗ. 30 ಸೆಕೆಂಡಿನೊಳಗೆ ಸರ್ವಿಸ್ ಓಗೊಡಲಿಲ್ಲ ಎಂದು ಅರ್ಥ. ಆ ಗಡುವನ್ನು ಹಿಗ್ಗಿಸಲು ಹೇಳುವವರ ಮಾತು ಕೇಳಬೇಡಿ. ನಾನು ಕಂಡ ಬಹುಪಾಲು ಪ್ರಸಂಗಗಳಲ್ಲಿ ಪ್ರೋಗ್ರಾಂ ಶುರುವಿನಲ್ಲೇ ಸತ್ತು ಬಿದ್ದಿರುತ್ತದೆ, ಕಾರಣ ವಿಂಡೋಸಿನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ ಸಿಗುತ್ತದೆ.

ಇಷ್ಟಕ್ಕೂ ನೀವು ಅಳಿಸುತ್ತಿರುವುದಾದರೂ ಏಕೆ? ಆವೃತ್ತಿ ಬದಲಿಸಲು ಸರ್ವಿಸ್ ನಿಲ್ಲಿಸಿ, ಫೈಲುಗಳನ್ನು ಬದಲಿಸಿ, ಮತ್ತೆ ಶುರು ಮಾಡಿದರೆ ಸಾಕು. ಫೋಲ್ಡರ್ ಬೇರೆಯಾಗಿದ್ದರೆ ‘ಎಸ್‌ಸಿ ಕಾನ್ಫಿಗ್’ ಕೊಟ್ಟು ದಾರಿ ಬದಲಿಸಿ. ‘ಬಿನ್‌ಪಾತ್’ (ಪ್ರೋಗ್ರಾಂ ಫೈಲಿನ ದಾರಿ) ಮುಂದಿನ ಸಮಚಿಹ್ನೆಯ ನಂತರ ಒಂದು ಖಾಲಿ ಜಾಗ ಬಿಡುವುದನ್ನು ಮರೆಯಬೇಡಿ. ಆ ರಾತ್ರಿಯ ನಂತರ ನನ್ನ ಸ್ಕ್ರಿಪ್ಟಿನಿಂದ ಡಿಲೀಟ್ ಸಾಲನ್ನೇ ತೆಗೆದುಹಾಕಿದ್ದೇನೆ.