ಸಂಬಳವಿಲ್ಲದೆ ದುಡಿಯುವವರು ಸೇರಿ ಹತ್ತಾರು ವರ್ಷದ ಯೋಜನೆ ಹಾಕುವುದು ಹೇಗೆ?

ಸ್ವಯಂಸೇವಕರಿಗೆ ಆದೇಶ ಕೊಡಲು ಆಗುವುದಿಲ್ಲ ಅಲ್ವಾ, ಹಾಗಾಗಿ ಒಪ್ಪಿಸುವುದೇ ಮುಕ್ಕಾಲು ಕೆಲಸ. ವಿಕಿಪೀಡಿಯವನ್ನೇ ನೋಡಿ. 2017ರಲ್ಲಿ ಹಲವು ಭಾಷೆಗಳ ಸಮುದಾಯಗಳನ್ನು ಕೇಳಿ, 2030ಕ್ಕೆ ಒಂದು ದಿಕ್ಕು ಗೊತ್ತುಮಾಡಿದರು: ಜ್ಞಾನ ಎಲ್ಲರಿಗೂ ಸಿಗುವ ಸೇವೆಯಾಗಬೇಕು, ಹೊರಗುಳಿದವರಿಗೂ ಅದರಲ್ಲಿ ಜಾಗ ಬೇಕು. ಆ ದಿಕ್ಕಿಗೆ ಸಾಗುವುದು ಹೇಗೆ ಎಂದು 2020ರಲ್ಲಿ 10 ಶಿಫಾರಸುಗಳು ಬಂದವು.

ಕಷ್ಟವಾಗಿದ್ದು ಅಧಿಕಾರದ ಪ್ರಶ್ನೆ. ದುಡ್ಡು, ಸರ್ವರ್ ಎಲ್ಲಾ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ಕೈಯಲ್ಲಿ; ಬರೆಯುವ ಕೆಲಸ ಮಾತ್ರ ಸ್ವಯಂಸೇವಕ ಸಂಪಾದಕರದ್ದು. ಹಾಗಾದರೆ ಕೊನೆಯ ಮಾತು ಯಾರದು? ಅದನ್ನು ತೀರ್ಮಾನಿಸಲು ಒಂದು ಸನ್ನದು ಬರೆದರು. 2024ರ ಮತದಾನದಲ್ಲಿ ಸಂಪಾದಕರೂ ಅಂಗಸಂಸ್ಥೆಗಳೂ (ಬೇರೆ ಬೇರೆ ಕಡೆಯ ವಿಕಿಮೀಡಿಯ ಗುಂಪುಗಳು) ಬಹುಮತದಿಂದ ಒಪ್ಪಿದರು. ಫೌಂಡೇಶನ್ನಿನ ಆಡಳಿತ ಮಂಡಳಿ ಒಪ್ಪಲಿಲ್ಲ, ಸನ್ನದು ಜಾರಿಯಾಗಲಿಲ್ಲ. ನನ್ನ ಪ್ರಕಾರ ಈ ಅಧಿಕಾರ ಹಂಚಿಕೆಯನ್ನು ಎಲ್ಲಕ್ಕಿಂತ ಮೊದಲೇ ಮಾತಾಡಿಕೊಳ್ಳಬೇಕಿತ್ತು. ಕನ್ನಡದಂಥ ಸಣ್ಣ ಸಮುದಾಯದ ಕೆಲವೇ ಸಂಪಾದಕರು ಇಂಥ ಯೋಜನೆಗಳ ಉದ್ದುದ್ದ ಕರಡು ಓದುತ್ತಾ ಕೂತರೆ, ಲೇಖನ ಬರೆಯಲು ಹೊತ್ತೇ ಉಳಿಯುವುದಿಲ್ಲ.