ಲಾಭ ಬಂತು, ಸಂಬಳಕ್ಕೆ ದುಡ್ಡಿಲ್ಲ

ಓದುಗರ ಪ್ರಶ್ನೆ: ಹಣಕಾಸು

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ನಾಲ್ಕು ಸಿಎನ್‌ಸಿ ಯಂತ್ರಗಳು, ಇಪ್ಪತ್ತೆರಡು ಜನ ಕೆಲಸಗಾರರು. ಪಂಪು ಮತ್ತು ವಾಲ್ವ್ ತಯಾರಕರಿಗೆ ಬಿಡಿಭಾಗ ಮಾಡಿಕೊಡುತ್ತೇವೆ. 2024-25ರಲ್ಲಿ ವಹಿವಾಟು 5.60 ಕೋಟಿಯಿಂದ 6.40 ಕೋಟಿ ರೂಪಾಯಿಗೆ ಏರಿದೆ, ತೆರಿಗೆ ಕಳೆದು 18 ಲಕ್ಷ ಲಾಭ ಬಂದಿದೆ ಎಂದು ಆಡಿಟರ್ ಲೆಕ್ಕ ಕೊಟ್ಟಿದ್ದಾರೆ. ಆದರೆ ಏಪ್ರಿಲ್ 7ರಂದು ಸಂಬಳ ಕೊಡಲು ಖಾತೆಯಲ್ಲಿ ಎರಡು ಲಕ್ಷವೂ ಇರಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಸಂಬಳ ಕೊಟ್ಟೆ. ಒಂದು ಕೋಟಿಯ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ಟೂ ಮುಗಿದಿದೆ. ಹಾಗಾದರೆ ಲಾಭ ಎಲ್ಲಿ ಹೋಯಿತು? ಲೆಕ್ಕದಲ್ಲೇ ತಪ್ಪಿದೆಯೇ? ಬ್ಯಾಲೆನ್ಸ್ ಶೀಟಿನ ಪ್ರತಿಯನ್ನು ಲಗತ್ತಿಸಿದ್ದೇನೆ.
(ಹೆಸರು ಬೇಡ, ಪೀಣ್ಯ)

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. ನೀವು ಕಳುಹಿಸಿದ ಪ್ರತಿಯನ್ನು ಎರಡು ಬಾರಿ ಓದಿದೆ. ಹದಿನೆಂಟು ಲಕ್ಷದ ಲಾಭವೂ ನಿಜ, ಏಪ್ರಿಲ್ 7ರ ಬರಿದಾದ ಖಾತೆಯೂ ನಿಜ. ಲಾಭ-ನಷ್ಟ ಪಟ್ಟಿಯು ಬಿಲ್ಲು ಬರೆದ ದಿನವನ್ನೇ ಆದಾಯ ಬಂದ ದಿನವೆಂದು ಎಣಿಸುತ್ತದೆ, ಸಾಲದ ಅಸಲಿನ ಕಂತನ್ನು ಖರ್ಚೆಂದು ಎಣಿಸುವುದೇ ಇಲ್ಲ. ಸಾಲವಿಲ್ಲದ ಕಂಪನಿಗೆ ಇದರಿಂದ ದೊಡ್ಡ ತೊಂದರೆಯಾಗದು. ನಿಮ್ಮಂತೆ ಸಾಲ ಹೊತ್ತ ಕಂಪನಿಯಲ್ಲಿ ಈ ಎರಡೂ ಒಂದೇ ವರ್ಷ ಸೇರಿಬಿಟ್ಟರೆ ಲಾಭದ ಅಂಕಿಗೂ ಖಾತೆಯ ಶಿಲ್ಕಿಗೂ ಸಂಬಂಧವೇ ತಪ್ಪಿಹೋಗುತ್ತದೆ.

ನಿಮ್ಮ ಅಂಕಿಗಳನ್ನೇ ಹಿಡಿದು ಹಣ ಹೋದ ದಾರಿಯನ್ನು ನೋಡೋಣ. ಬಡ್ಡಿ, ಸವಕಳಿ (ಯಂತ್ರಗಳ ಬೆಲೆ ವರ್ಷ ವರ್ಷ ಇಳಿಯುವುದರ ಲೆಕ್ಕ) ಮತ್ತು ತೆರಿಗೆ ಕಳೆಯುವ ಮೊದಲು ಕಂಪನಿ ದುಡಿದದ್ದು 92 ಲಕ್ಷ. ಅದರಲ್ಲಿ ಬಡ್ಡಿಗೆ 38, ಸವಕಳಿಗೆ 30, ತೆರಿಗೆಗೆ 6 ಲಕ್ಷ ಹೋಗಿ 18 ಲಕ್ಷ ಉಳಿದಿದೆ. ಸವಕಳಿ ಕೈಬಿಟ್ಟು ಹೋಗುವ ಹಣವಲ್ಲವಾದ್ದರಿಂದ, ಅದನ್ನು ಮರಳಿ ಕೂಡಿದರೆ ನಿಮ್ಮ ಕೈಗೆ 48 ಲಕ್ಷ ಸಿಗಬೇಕಾಗಿತ್ತು. ಆದರೆ ಗ್ರಾಹಕರಿಂದ ಬರಬೇಕಾದ ಬಾಕಿ 118 ಲಕ್ಷದಿಂದ 166 ಲಕ್ಷಕ್ಕೆ ಬೆಳೆದಿದೆ, ಸರಕು ದಾಸ್ತಾನು 70 ಲಕ್ಷದಿಂದ 92 ಲಕ್ಷಕ್ಕೆ ಏರಿದೆ. ಹೀಗೆ ಹೆಚ್ಚಿದ 70 ಲಕ್ಷದಲ್ಲಿ 26 ಲಕ್ಷದ ಭಾರವನ್ನು ನಿಮ್ಮ ಪೂರೈಕೆದಾರರು ಹೊತ್ತಿದ್ದಾರೆ, ಏಕೆಂದರೆ ಅವರಿಗೆ ನೀವು ಕೊಡಬೇಕಾದ ಬಾಕಿಯೂ 62ರಿಂದ 88 ಲಕ್ಷಕ್ಕೆ ಹೋಗಿದೆ. ಉಳಿದ 44 ಲಕ್ಷವನ್ನು ನೀವೇ ಹೊರಬೇಕಾಯಿತು. ಅಲ್ಲಿಗೆ 48ರಲ್ಲಿ ಉಳಿದದ್ದು ನಾಲ್ಕು ಲಕ್ಷ. ಅದೇ ವರ್ಷ ಯಂತ್ರಗಳ ಸಾಲದ ಅಸಲಿಗೆ ನೀವು ಕಟ್ಟಿದ್ದು 46 ಲಕ್ಷ. ಕೊರತೆ ಬಿದ್ದ 42 ಲಕ್ಷವನ್ನು ತುಂಬಲು ಸಿಸಿ ಖಾತೆಯಿಂದ ಇನ್ನೂ 20 ಲಕ್ಷ ಎತ್ತಿದಿರಿ, ನಿಮ್ಮ ಹೆಸರಿನಲ್ಲಿ ನಿರ್ದೇಶಕರ ಸಾಲವೆಂದು 16 ಲಕ್ಷ ತಂದಿರಿ, ಬ್ಯಾಂಕಿನ ಶಿಲ್ಕು 8 ಲಕ್ಷದಿಂದ 2 ಲಕ್ಷಕ್ಕೆ ಇಳಿಯಿತು. ಹದಿನೆಂಟು ಲಕ್ಷದ ಲಾಭ ಇಂದಿಗೂ ಇದೆ, ಆದರೆ ಅದು ಗ್ರಾಹಕರ ಲೆಡ್ಜರಿನಲ್ಲಿಯೂ ನಿಮ್ಮ ಸ್ಟೋರಿನ ರ‍್ಯಾಕಿನಲ್ಲಿಯೂ ಇದೆ.

ಇದರಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಬಳೆಯ ವಿಷಯವಲ್ಲ, ಸಿಸಿಯ ವಿಷಯ. ಕ್ಯಾಶ್ ಕ್ರೆಡಿಟ್ ಇರುವುದು ಕಬ್ಬಿಣ ಕೊಳ್ಳುವುದಕ್ಕೆ, ಸಂಬಳಕ್ಕೆ, ಬಿಲ್ಲಿನ ಹಣ ಬರುವವರೆಗಿನ ತಾತ್ಕಾಲಿಕ ಅಗತ್ಯಕ್ಕೆ. ನೀವು ಅದರಿಂದ ಅವಧಿ ಸಾಲದ, ಅಂದರೆ ಯಂತ್ರಗಳಿಗಾಗಿ ಪಡೆದ ಕಂತಿನ ಸಾಲದ, ಅಸಲು ತೀರಿಸಿದ್ದೀರಿ. ಸಾಲದಿಂದ ಸಾಲ ತೀರಿಸಿದ್ದು ಲಾಭ-ನಷ್ಟ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ, ಹಾಗಾಗಿಯೇ ನಿಮಗೂ ಕಾಣಲಿಲ್ಲ. ಬ್ಯಾಂಕಿನವರಿಗೆ ಮಾತ್ರ ಇದು ಒಂದೇ ಅಂಕಿಯಲ್ಲಿ ಗೊತ್ತಾಗುತ್ತದೆ. ಲಾಭ, ಸವಕಳಿ, ಬಡ್ಡಿ ಮೂರನ್ನೂ ಕೂಡಿದರೆ 86 ಲಕ್ಷ. ಅದನ್ನು ವರ್ಷದ ಬಡ್ಡಿ ಮತ್ತು ಅಸಲಿನ ಮೊತ್ತವಾದ 84 ಲಕ್ಷದಿಂದ ಭಾಗಿಸಿದರೆ 1.02. ಸಾಲ ತೀರಿಸುವ ಶಕ್ತಿಯ ಈ ಅನುಪಾತ 1.5ರ ಸುತ್ತಮುತ್ತ ಇರಲೆಂದು ಬ್ಯಾಂಕುಗಳು ಸಾಮಾನ್ಯವಾಗಿ ಬಯಸುತ್ತವೆ. ಒಂದರ ಮೇಲೆ ಎರಡು ಪೈಸೆ ಉಳಿದಿದೆ ಎಂದರೆ ಒಬ್ಬ ಗ್ರಾಹಕ ಹದಿನೈದು ದಿನ ತಡಮಾಡಿದರೂ ನಿಮ್ಮ ಕಂತು ತಪ್ಪುತ್ತದೆ.

ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಚಾಲ್ತಿ ಆಸ್ತಿ (ವರ್ಷದೊಳಗೆ ಹಣವಾಗಬೇಕಾದದ್ದು) 270 ಲಕ್ಷ, ಚಾಲ್ತಿ ಹೊಣೆ (ವರ್ಷದೊಳಗೆ ತೀರಿಸಬೇಕಾದದ್ದು) 250 ಲಕ್ಷ, ಅನುಪಾತ 1.08 ಎಂದಿದೆ. ಒಂದಕ್ಕಿಂತ ಮೇಲಿದೆಯೆಂದು ನೆಮ್ಮದಿಪಡಬೇಡಿ. ಗ್ರಾಹಕರ ಬಾಕಿಯಲ್ಲಿ 40 ಲಕ್ಷ ತೊಂಬತ್ತು ದಿನ ದಾಟಿದ್ದು, ದಾಸ್ತಾನಿನಲ್ಲಿ 18 ಲಕ್ಷದ ಮಾಲು ವಿನ್ಯಾಸದ ನಕ್ಷೆ ಬದಲಾದ ಮೇಲೆ ಯಾರೂ ಕೇಳದ ಹಳೆಯ ಬಿಡಿಭಾಗ ಎಂದು ನೀವೇ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಇವೆರಡನ್ನೂ ತೆಗೆದಿಟ್ಟರೆ ಉಳಿಯುವುದು 212 ಲಕ್ಷ, ಅನುಪಾತ 0.85. ಸಿಸಿ ಲಿಮಿಟ್ಟು ಒಂದು ಕೋಟಿ ಇದ್ದರೂ ಎತ್ತಲು ಹಣವಿಲ್ಲದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಬ್ಯಾಂಕು ನಿಮಗೆ ಹಣ ಕೊಡುವುದು ಲಿಮಿಟ್ಟಿನ ಮೇಲಲ್ಲ, ಡ್ರಾಯಿಂಗ್ ಪವರ್ ಮೇಲೆ, ಅಂದರೆ ನಿಮ್ಮ ದಾಸ್ತಾನು ಮತ್ತು ಬಿಲ್ಲುಗಳ ಆಧಾರದಲ್ಲಿ ಎತ್ತಬಹುದಾದ ಮೊತ್ತದ ಮೇಲೆ. ಹಳೆಯ ಮಾಲೂ ಸೇರಿದ ಪೂರ್ತಿ 92 ಲಕ್ಷದ ದಾಸ್ತಾನಿನಿಂದ ಪೂರೈಕೆದಾರರ ಬಾಕಿಯನ್ನು ಕಳೆದು, ತೊಂಬತ್ತು ದಿನದೊಳಗಿನ ಬಿಲ್ಲುಗಳನ್ನಷ್ಟೇ ಸೇರಿಸಿ, ಎರಡರ ಮೇಲೂ ಶೇಕಡಾ 25ರಷ್ಟು ಮಾರ್ಜಿನ್ (ಬ್ಯಾಂಕು ಕೊಡದೆ ಉಳಿಸಿಕೊಳ್ಳುವ ಪಾಲು) ಹಿಡಿದರೆ ನಿಮ್ಮ ಪಾಲಿಗೆ ಬರುವುದು 97.5 ಲಕ್ಷ. ನೀವು ಎತ್ತಿರುವುದು ಪೂರ್ತಿ ನೂರು ಲಕ್ಷ. ಅಂದರೆ ಖಾತೆ ಈಗಾಗಲೇ ಎರಡೂವರೆ ಲಕ್ಷ ಮೀರಿದೆ.

ಈ ಮೀರಿಕೆ ಸತತವಾಗಿ ಮೂವತ್ತು ದಿನ ದಾಟಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಖಾತೆ ತೊಂದರೆಯ ಸುಳಿವಿನ ದರ್ಜೆಯಾದ ಎಸ್‌ಎಂಎ-1, ಅರವತ್ತು ದಾಟಿದರೆ ಎಸ್‌ಎಂಎ-2, ತೊಂಬತ್ತು ದಾಟಿದರೆ ಅನುತ್ಪಾದಕ ಸಾಲ. ತಿಂಗಳ ಕೊನೆಗೆ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ಬಿಡಿಭಾಗವನ್ನು ಹೊಸದೆಂದು ತೋರಿಸಿ ಡ್ರಾಯಿಂಗ್ ಪವರ್ ಹಿಗ್ಗಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಸ್ಟಾಕ್ ಆಡಿಟ್ ಬಂದ ದಿನ ಅದು ನಷ್ಟದ ಪ್ರಶ್ನೆಯಾಗಿ ಉಳಿಯದೆ ವಂಚನೆಯ ಪ್ರಶ್ನೆಯಾಗುತ್ತದೆ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ನಿಮ್ಮ ಬಾಕಿ ವಸೂಲಿಯ ಅವಧಿ ಹಿಂದಿನ ವರ್ಷ ಸುಮಾರು 77 ದಿನ ಇದ್ದದ್ದು ಈ ವರ್ಷ 95 ದಿನವಾಗಿದೆ. (ಬಾಕಿಯಲ್ಲಿ ಜಿಎಸ್‌ಟಿಯೂ ಸೇರಿರುವುದರಿಂದ ನಿಜವಾದ ಅವಧಿ ಸ್ವಲ್ಪ ಕಡಿಮೆ ಇರಬಹುದು, ಆದರೆ ಎರಡೂ ವರ್ಷಕ್ಕೆ ಅದು ಒಂದೇ ಬಗೆ.) ನಿಮ್ಮ ಒಂದು ದಿನದ ಮಾರಾಟ 1.75 ಲಕ್ಷ. ವಸೂಲಿಯ ಅವಧಿಯನ್ನು ಇಪ್ಪತ್ತು ದಿನ ಇಳಿಸಿದರೆ 35 ಲಕ್ಷ ಬಿಡುಗಡೆಯಾಗುತ್ತದೆ. ಇಷ್ಟು ಹಣವನ್ನು ಇಷ್ಟು ಅಗ್ಗವಾಗಿ ಬೇರೆ ಯಾರೂ ಕೊಡುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಳ್ಳುವವರು ಬರಹದ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಂಥ ಬಾಕಿಯ ದೂರು ಕೇಳುವ ನೆರವು ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಅವರು ತೀರ್ಪಿನ ಮೊತ್ತದ ಶೇಕಡಾ 75ನ್ನು ಮೊದಲು ಠೇವಣಿ ಇಡಬೇಕು. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಪೀಣ್ಯದಲ್ಲಿ ಬಹುಪಾಲು ಜನ ಅದನ್ನು ಮುಟ್ಟುವುದಿಲ್ಲ, ಮಂಡಳಿಗೆ ಹೋದ ಮರುದಿನ ಆರ್ಡರ್ ನಿಲ್ಲುತ್ತದೆಂಬ ಭಯ. ಆ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಆದ್ದರಿಂದ ದೂರಿಗಿಂತ ಮೊದಲು ಬೇರೆ ದಾರಿ ನೋಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ ತಂದ ನಿಯಮದಂತೆ, ಗಡುವು ಮೀರಿ ಉಳಿಸಿಕೊಂಡ ಇಂಥ ಬಾಕಿಯನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ಕೊಳ್ಳುವವರು ಖರ್ಚೆಂದು ತೋರಿಸುವಂತಿಲ್ಲ. ಸಣ್ಣ ಉದ್ಯಮವೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಿ, ಜನವರಿ ಬಂದೊಡನೆ ಬಾಕಿ ಪಟ್ಟಿಯನ್ನು ಅವರ ಖರೀದಿ ವಿಭಾಗಕ್ಕೆ ಕಳುಹಿಸುವ ಬದಲು ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಿ. ನಿಮ್ಮ ದೊಡ್ಡ ಗ್ರಾಹಕರ ವಹಿವಾಟು 250 ಕೋಟಿ ದಾಟಿದ್ದರೆ ಅವರು ಬಿಲ್ಲುಗಳ ಮೇಲೆ ಹಣ ಒದಗಿಸುವ ಟ್ರೆಡ್ಸ್ ಎಂಬ ಆನ್ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಅಲ್ಲಿ ಅವರು ಒಪ್ಪಿದ ಬಿಲ್ಲನ್ನು ಹಣಕಾಸು ಸಂಸ್ಥೆಗಳು ಅವರ ಯೋಗ್ಯತೆಯ ಮೇಲೆ ರಿಯಾಯಿತಿಗೆ ಕೊಳ್ಳುತ್ತವೆ, ನಿಮ್ಮ ಸಾಲದ ಲೆಕ್ಕ ಅಲ್ಲಿ ಅಡ್ಡ ಬರುವುದಿಲ್ಲ. ನೋಂದಾಯಿಸಿದವರೆಲ್ಲ ಬಿಲ್ಲು ಒಪ್ಪಿ ಹಾಕುತ್ತಾರೆಂದಲ್ಲ, ಆದರೂ ಕೇಳಿ.

ಇದೇ ಕತ್ತಿಗೆ ಇನ್ನೊಂದು ಬಾಯಿ ಇದೆ. ನಿಮ್ಮ 88 ಲಕ್ಷದ ಬಾಕಿಯಲ್ಲಿ ಪಕ್ಕದ ಬೀದಿಯ ಪ್ಲೇಟಿಂಗ್‌ನವರೂ ಹೀಟ್ ಟ್ರೀಟ್‌ಮೆಂಟ್‌ನವರೂ ಇದ್ದಾರೆ. ಅವರೂ ಸೂಕ್ಷ್ಮ ಉದ್ಯಮಗಳೇ. ಗಡುವು ಮೀರಿದ ಅವರ ಬಿಲ್ಲುಗಳು ಮಾರ್ಚ್ 31ಕ್ಕೆ ಉಳಿದರೆ ನಿಮ್ಮ ತೆರಿಗೆ ಹೆಚ್ಚುತ್ತದೆ. ಕಬ್ಬಿಣದವರು ತಯಾರಕರಲ್ಲ, ಬರಿಯ ವ್ಯಾಪಾರಿಗಳು, ಅವರಿಗೆ ಈ ರಕ್ಷಣೆ ಇಲ್ಲ; ಕೈಯಲ್ಲಿ ಸ್ವಲ್ಪವೇ ಹಣವಿದ್ದಾಗ ಯಾರಿಗೆ ಮೊದಲು ಕೊಡಬೇಕೆಂಬುದನ್ನು ಇದರಿಂದ ತೀರ್ಮಾನಿಸಬಹುದು.

ಸಾಲದ ಬಗ್ಗೆ ಒಂದು ಎಚ್ಚರಿಕೆ. ಮುಂದಿನ ವರ್ಷ 48 ಲಕ್ಷ ಅಸಲು ತೀರಬೇಕಿದೆ, ಅದರಲ್ಲಿ ಹೆಚ್ಚಿನದು ನಾಲ್ಕನೇ ಯಂತ್ರಕ್ಕೆ ಬ್ಯಾಂಕೇತರ ಸಂಸ್ಥೆಯಿಂದ ಮೂರೇ ವರ್ಷದ ಅವಧಿಗೆ ಪಡೆದ ಸಾಲ. ಹತ್ತು ವರ್ಷ ದುಡಿಯುವ ಯಂತ್ರಕ್ಕೆ ಮೂರು ವರ್ಷದ ಸಾಲ ಪಡೆದದ್ದೇ ಮೂಲ ತಪ್ಪು. ಇದನ್ನು ದೀರ್ಘಾವಧಿಯ ಬ್ಯಾಂಕ್ ಸಾಲಕ್ಕೆ ವರ್ಗಾಯಿಸಲು ಖಾತೆ ಸ್ವಚ್ಛವಾಗಿರುವಾಗಲೇ ಪ್ರಯತ್ನಿಸಿ. ಕಂತು ಕಟ್ಟಲಾಗದೆ ಅವಧಿ ವಿಸ್ತರಿಸಿಕೊಂಡರೆ ಅದು ಪುನರ್‌ರಚನೆ ಎನಿಸಿಕೊಂಡು ಖಾತೆಯ ದರ್ಜೆ ಇಳಿಯುತ್ತದೆ, ಆಮೇಲೆ ಬೇರೆ ಬ್ಯಾಂಕಿನ ಬಾಗಿಲು ತೆರೆಯುವುದು ಕಷ್ಟ.

ಪ್ರಶ್ನೆ: ನನ್ನ ಮೈದುನನ ಕಂಪನಿ ಬೊಮ್ಮಸಂದ್ರದಲ್ಲಿದೆ. ಲಾಭದಲ್ಲಿದ್ದರೂ ಕೈಯಲ್ಲಿ ಹಣವಿಲ್ಲವಂತೆ. “ಒಂದೇ ವರ್ಷ ಅತ್ತಿಗೆ, ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕೊಡ್ತೀನಿ” ಎಂದು ನನ್ನ 15 ಲಕ್ಷದ ಠೇವಣಿಯನ್ನು ಕೇಳುತ್ತಿದ್ದಾನೆ. ಸಾಲಕ್ಕೆ ಜಾಮೀನು ಸಹಿಯನ್ನೂ ಕೇಳಿದ್ದಾನೆ. ಬ್ಯಾಲೆನ್ಸ್ ಶೀಟಿನಲ್ಲಿ ನಾನು ಏನನ್ನು ನೋಡಬೇಕು?
(ಓದುಗರು, ಬಸವನಗುಡಿ)

ಉತ್ತರ: ಲಾಭದ ಪುಟವನ್ನು ಕೊನೆಗೆ ನೋಡಿ. ಮೊದಲು ಅಲ್ಪಾವಧಿ ಸಾಲಗಳ ಟಿಪ್ಪಣಿಗೆ ಹೋಗಿ. ಮುಂದಿನ ಹನ್ನೆರಡು ತಿಂಗಳಲ್ಲಿ ತೀರಬೇಕಾದ ದೀರ್ಘಾವಧಿ ಸಾಲದ ಕಂತುಗಳೂ ಅಲ್ಲಿಯೇ ಇರುತ್ತವೆ. ಆ ಮೊತ್ತವನ್ನು ಬ್ಯಾಂಕ್ ಶಿಲ್ಕಿನ ಪಕ್ಕ ಇಟ್ಟು ನೋಡಿ. ನಂತರ ಗ್ರಾಹಕರ ಬಾಕಿಯ ವಯಸ್ಸಿನ ಪಟ್ಟಿ. 2021ರ ಏಪ್ರಿಲ್‌ನಿಂದ ಇದನ್ನು ಕೊಡುವುದು ಕಂಪನಿಗಳಿಗೆ ಕಡ್ಡಾಯವಾಗಿದೆ, ಆದರೆ ಆರು ತಿಂಗಳೊಳಗಿನದೆಲ್ಲ ಅಲ್ಲಿ ಒಂದೇ ಕಟ್ಟಿನಲ್ಲಿ ಬರುವುದರಿಂದ ನಲವತ್ತು ದಿನದ ಬಾಕಿಯೂ ನೂರೆಪ್ಪತ್ತು ದಿನದ ಬಾಕಿಯೂ ಒಂದೇ ಥರ ಕಾಣುತ್ತವೆ. ಬಿಲ್ಲುವಾರು ಪಟ್ಟಿಯನ್ನೇ ಕೇಳಿ. ಪಿಎಫ್, ಜಿಎಸ್‌ಟಿ ಬಾಕಿ ಇದೆಯೇ ಎಂದೂ ಕೇಳಿ. ಸರ್ಕಾರಕ್ಕೆ ಕಟ್ಟಬೇಕಾದುದನ್ನು ತಿಂಗಳುಗಟ್ಟಲೆ ತಡೆಹಿಡಿದಿರುವ ಕಂಪನಿಗೆ ಬೇರೆ ಕಡೆ ಸಾಲ ಹುಟ್ಟುತ್ತಿಲ್ಲವೆಂದೇ ಅರ್ಥ.

ಕಾನೂನಿನ ಒಂದು ಸಂಗತಿಯನ್ನು ನಿಮ್ಮ ಮೈದುನ ಗಮನಿಸಿರಲಾರರು. ಪ್ರೈವೇಟ್ ಕಂಪನಿ ತನ್ನ ನಿರ್ದೇಶಕರಿಂದ ಮತ್ತು ಅವರ ಬಂಧುಗಳಿಂದ ಪಡೆದ ಹಣ, ಅದು ಸಾಲ ಮಾಡಿ ತಂದದ್ದಲ್ಲವೆಂಬ ಘೋಷಣೆ ಇದ್ದರೆ, ಠೇವಣಿ ಎನಿಸುವುದಿಲ್ಲ. ಆದರೆ ಕಂಪನಿ ಕಾಯ್ದೆಯ ಬಂಧುಗಳ ಪಟ್ಟಿಯಲ್ಲಿ ಸಹೋದರ ಇದ್ದಾನೆ, ಸಹೋದರನ ಹೆಂಡತಿ ಇಲ್ಲ. ಹಿಂದೂ ಅವಿಭಕ್ತ ಕುಟುಂಬದ ಸದಸ್ಯರೆಂಬ ನೆಲೆ ಇಲ್ಲದಿದ್ದರೆ ನಿಮ್ಮ ಯಜಮಾನರು ಕೊಡಬಹುದಾದ ಹಣವನ್ನು ನೀವು ಕೊಟ್ಟರೆ ಅದು ಠೇವಣಿ ಎನಿಸಿಕೊಂಡು ಕಂಪನಿ ತೊಡಕಿಗೆ ಸಿಲುಕುತ್ತದೆ. ಜೊತೆಗೆ, ಅವಧಿ ಸಾಲ ತೀರುವವರೆಗೆ ಮನೆಯವರ ಹಣವನ್ನು ಹಿಂದಿರುಗಿಸುವುದಿಲ್ಲವೆಂದು ಬ್ಯಾಂಕುಗಳು ಸಾಮಾನ್ಯವಾಗಿ ಬರೆಸಿಕೊಳ್ಳುತ್ತವೆ. ಹಾಗೆ ಬರೆದುಕೊಟ್ಟಿದ್ದರೆ ಆ “ಒಂದೇ ವರ್ಷ”ದ ಮಾತು ಮೈದುನನ ಕೈಯಲ್ಲೇ ಇರುವುದಿಲ್ಲ.

ಜಾಮೀನಿಗೆ ಸಹಿ ಹಾಕಬೇಡಿ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರರ ಹೊಣೆಯೂ ಸಾಲಗಾರರ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಮೊದಲು ಕಂಪನಿಯನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂಬ ಕಟ್ಟಳೆಯಿಲ್ಲ. ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯ ಸಾಲ ಇತ್ಯರ್ಥವಾದ ಮಾತ್ರಕ್ಕೆ ಜಾಮೀನುದಾರರು ಬಿಡುಗಡೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಸಂಬಂಧ ಉಳಿಯಬೇಕೆಂದಿದ್ದರೆ, ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಹಣವನ್ನು ನಿಮ್ಮ ಯಜಮಾನರ ಖಾತೆಯಿಂದ ಚೆಕ್ಕಿನ ಮೂಲಕ ಕೊಡಿಸಿ, ಸಹಿಯನ್ನು ಮಾತ್ರ ಕೊಡಬೇಡಿ.

ಪ್ರಶ್ನೆ: ಜಿಗಣಿಯ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮದು ಸಣ್ಣ ಕಂಪನಿಯಾದ್ದರಿಂದ ನಗದು ಹರಿವಿನ ಪಟ್ಟಿ ಬೇಕಿಲ್ಲ ಎಂದು ಆಡಿಟರ್ ಹೇಳುತ್ತಾರೆ. ಸರಿಯೇ?
(ಓದುಗರು, ಜಿಗಣಿ)

ಉತ್ತರ: ಸರಿ. 2013ರ ಕಂಪನಿ ಕಾಯ್ದೆಯ 2(40)ನೇ ಕಲಮು ಸಣ್ಣ ಕಂಪನಿಗೆ ಆ ವಿನಾಯಿತಿ ಕೊಟ್ಟಿದೆ. ಅದು ಹೆಚ್ಚು ಬೇಕಾಗಿರುವುದು ನಿಮ್ಮಂಥ ಕಂಪನಿಗೇ ಎಂಬುದು ಬೇರೆ ಮಾತು. ವರ್ಷಕ್ಕೊಮ್ಮೆ ಮಾಡುವ ಪಟ್ಟಿಯಿಂದ ನಿಮ್ಮ ಸಾಹುಕಾರರಿಗೆ ಉಪಯೋಗವಿಲ್ಲ, ಹದಿಮೂರು ವಾರಗಳ ಹಾಳೆಯೊಂದನ್ನು ಮಾಡಿಕೊಡಿ. ವಾರಕ್ಕೊಂದು ಅಂಕಣ, ಮೇಲೆ ಸೋಮವಾರದ ಶಿಲ್ಕು, ಕೆಳಗೆ ಬರುವ ಹಣ, ಅದರ ಕೆಳಗೆ ಹೋಗುವ ಹಣ. ಬರುವ ಹಣದ ಸಾಲಿನಲ್ಲಿ ಬಿಲ್ಲಿನ ಗಡುವನ್ನು ಬರೆಯದೆ, ಆ ಗ್ರಾಹಕರು ಹಿಂದಿನ ಆರು ಬಿಲ್ಲುಗಳಿಗೆ ನಿಜವಾಗಿ ಎಷ್ಟು ದಿನ ತೆಗೆದುಕೊಂಡರೋ ಅದರ ಸರಾಸರಿಯನ್ನು ಬರೆಯಿರಿ. ಹೋಗುವ ಕಡೆ ದಿನಾಂಕಗಳು ಗೊತ್ತಿದ್ದದ್ದೇ: 7ಕ್ಕೆ ಸಂಬಳ ಮತ್ತು ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ (ಗ್ರಾಹಕರು ಹಣ ಕೊಟ್ಟಿರಲಿ ಬಿಡಲಿ), ತಿಂಗಳ ಕೊನೆಗೆ ಸಿಸಿ ಬಡ್ಡಿ, ನಡುವೆ ಎಲ್ಲೋ ಯಂತ್ರದ ಕಂತು. ಯಾವ ಅಂಕಣದ ತಳದಲ್ಲಿ ಮೊದಲು ಋಣ ಚಿಹ್ನೆ ಬರುತ್ತದೆಯೋ ಆ ವಾರದ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಸಾಹುಕಾರರ ಮೇಜಿನ ಮೇಲೆ ಇಡಿ, ಅದು ಬರಲು ಇನ್ನೂ ಆರು ವಾರ ಇರುವಾಗಲೇ.